ರೋಲರ್ ಮಿಷನ್ನಿನ ಫೋಟೋ

ಇಚಿಲಂಪಾಡಿಯ ಚಾಕೋ ಅವರ ಮಗಳು ಜಿಸ್ಮಿಗೆ ಹೆದರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಬಾಗಿಲು ಹಾಕಿ ಅಂಗಳ ದಾಟಿದ ಮೇಲೂ ತಿರುಗಿ ಬಂದು ಬೀಗ ಎಳೆದು ನೋಡುವ ಜಾತಿ. ಪುತ್ತೂರಿನಲ್ಲಿ ಕಟ್ಟಡದ ನಕ್ಷೆ ಮಾಡುವ ಕೃಷ್ಣಮೋಹನರ ಆಫೀಸಿಗೆ ಸೇರಿದ ಮೇಲೆ ಆ ಗುಣವೇ ಅನ್ನಕ್ಕೆ ದಾರಿಯಾಯಿತು. ಅವಳು ನೋಡಿದ ನಕ್ಷೆಯಲ್ಲಿ ತಪ್ಪಿರುವುದಿಲ್ಲ ಎಂದು ಸೈಟಿನವರೇ ಹೇಳುತ್ತಿದ್ದರು. ಅಂಥವಳ ಕೈಯಿಂದಲೇ ಈ ಎಡವಟ್ಟಾಗಬೇಕೇ?

ನೆಲ್ಯಾಡಿಯಲ್ಲಿ ರಬ್ಬರ್ ಬೆಳೆಗಾರರ ಸಂಘವೊಂದು ರಬ್ಬರ್ ಹಾಲಿನಿಂದ ಶೀಟ್ ಮಾಡುವ ಶೆಡ್ ಕಟ್ಟಿಸುತ್ತಿತ್ತು. ಅಲ್ಲಿ ಬರುವ ಯಂತ್ರಗಳ ಪಟ್ಟಿಯನ್ನು ಜಿಸ್ಮಿ ಸಾಫ್ಟ್‌ವೇರಿನಲ್ಲಿ ಮಾಡಿದ್ದಳು. ಕಮಿಟಿಯ ಹಿರಿಯರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಈ ನಂಬರು ಗಿಂಬರು ನಮಗೆ ಗೊತ್ತಾಗುದಿಲ್ಲ ಮಾರಾಯ್ರೆ, ಒಂದೊಂದರದ್ದೂ ಫೋಟೋ ಹಾಕಿ ಕೊಡಿ" ಎಂದರು. ತಕ್ಕಡಿ, ಟ್ಯಾಂಕುಗಳ ಫೋಟೋ ಕ್ಯಾಟಲಾಗಿನಲ್ಲಿ ಸಿಕ್ಕಿತು. ಶೀಟ್ ಒತ್ತುವ ರೋಲರ್ ಮಿಷನ್ನಿನದ್ದು ಮಾತ್ರ ನೆಟ್ಟಗೆ ಸಿಗಲಿಲ್ಲ. ಮನೆಯ ಹಳೆ ಮಿಷನ್ ಮಾರಬೇಕೆಂದು ತಮ್ಮ ಬಿಬಿನ್ ತೆಗೆದು ಕಳಿಸಿದ್ದ ಫೋಟೋ ಮೊಬೈಲಿನಲ್ಲಿತ್ತು. ಸದ್ಯಕ್ಕೆ ಇದಿರಲಿ, ಆಮೇಲೆ ಬದಲಾಯಿಸಿದರಾಯಿತು ಎಂದು ಅದನ್ನೇ ಸೇರಿಸಿದಳು.

ಆ ಸಾಫ್ಟ್‌ವೇರಿನ ಬುದ್ಧಿ ನೋಡಿ. ಪಟ್ಟಿ ತಿದ್ದುವಾಗ ಅದು ಫೋಟೋ ತೋರಿಸುವುದಿಲ್ಲ, ಫೋಟೋದ ಹೆಸರನ್ನಷ್ಟೇ ತೋರಿಸುತ್ತದೆ. ಪಟ್ಟಿಯನ್ನು ನಕ್ಷೆಯ ಹಾಳೆಗೆ ತಂದಿಟ್ಟ ಮೇಲೆಯೇ ಚಿತ್ರ ಕಾಣುವುದು. ರೋಲರಿನ ಎದುರು ರೋಲರ್ ಎಂದೇ ಹೆಸರಿತ್ತು, ಕಣ್ಣಿಗೆ ಏನೂ ಚುಚ್ಚಲಿಲ್ಲ, ಮರೆತೇ ಹೋಯಿತು. ಅವಳು ಜ್ವರ ಬಂದು ಮಲಗಿದ್ದಾಗ ಕೃಷ್ಣಮೋಹನರೇ ಪಟ್ಟಿಯನ್ನು ಹಾಳೆಗಿಟ್ಟು ಕಳಿಸಿದರು. ಕಮಿಟಿ ಸಹಿ ಹಾಕಿತು, ಮಿಷನ್ ಮಾಡುವ ಕೆಲಸ ಮುಸ್ತಫಾನ ವೆಲ್ಡಿಂಗ್ ಶಾಪಿಗೆ ಹೋಯಿತು.

ಸುಳ್ಯದ ಯಾರದ್ದೋ ಗೇಟಿನ ಅಳತೆ ಕೊಡಲು ಆ ಶಾಪಿಗೆ ಹೋದ ದಿನ ಜಿಸ್ಮಿ ಬಾಗಿಲಲ್ಲೇ ನಿಂತುಬಿಟ್ಟಳು. ತನ್ನ ಮನೆಯ ಮಿಷನ್ನಿನಂಥವೇ ನಾಲ್ಕು ಸಾಲಾಗಿ ನಿಂತಿವೆ. ಸ್ವಿಚ್ಚಿನ ಪಕ್ಕದ ಕಂಬಿಗೆ ಕೆಂಪು ಬಣ್ಣದ ಪಟ್ಟಿ ಬೇರೆ.

"ಫೋಟೋದಲ್ಲಿ ಇದ್ದ ಹಾಗೇ ಮಾಡಿದ್ದೇನೆ ತಂಗಿ. ಆ ಕೆಂಪು ಕೂಡ ಬಿಡಲಿಲ್ಲ" ಎಂದ ಮುಸ್ತಫಾ.

ಫೋಟೋದಲ್ಲಿದ್ದದ್ದು ಬಣ್ಣವಲ್ಲ, ಅಮ್ಮ ಮೇರಿಕುಟ್ಟಿ ಕಟ್ಟಿದ ಬಟ್ಟೆ. ರೋಲರಿನ ಮೇಲಿನ ತಗಡಿನ ಕವರನ್ನು, ತೊಳೆಯಲು ತೊಂದರೆ ಎಂದು ಚಾಕೋ ಬಿಚ್ಚಿಟ್ಟಿದ್ದರು. ಒಂದು ಬೆಳಿಗ್ಗೆ ಮಿಷನ್ ಅವರ ಬಲಗೈಯ ಎರಡು ಬೆರಳು ತಿಂದಿತು. ಎಲ್ಲರಿಗೂ ನೆನಪಿರಲಿ ಎಂದು ಅಮ್ಮ ಕೆಂಪು ಬಟ್ಟೆ ಕಟ್ಟಿದಳು. ಈಗ ಅದೇ ಅಮ್ಮ ನೆಲ್ಯಾಡಿಯ ಶೆಡ್ಡಿನಲ್ಲಿ ರೋಲರ್ ಕೆಲಸಕ್ಕೆ ಹೆಸರು ಕೊಟ್ಟಿದ್ದಾಳೆ. ಈ ನಾಲ್ಕು ಮಿಷನ್ನಿಗೂ ಕವರಿಲ್ಲ.

"ಮುಸ್ತಫಾಕ, ಇದಕ್ಕೆ ಕವರ್ ಹಾಕ್ಬೇಕು."

"ಹಾಕ್ಲಿಕ್ಕೆ ಎಂತ ಕಷ್ಟ ಇಲ್ಲ. ಆದ್ರೆ ಸಹಿ ಆದ ಹಾಳೆಯಲ್ಲಿ ಇಲ್ಲದ್ದು ಮಾಡಿದ್ರೆ ಕಮಿಟಿಯವರು ವಾಪಸ್ ಕಳಿಸ್ತಾರೆ. ಬೇರೆ ಫೋಟೋ ಹಾಕಿ ಕೊಡಿ. ನಾಳೆ ಬೆಳಿಗ್ಗೆ ಲಾರಿ ಬರ್ತದೆ."

ಆಫೀಸಿಗೆ ಓಡಿ ಬಂದು ಕೃಷ್ಣಮೋಹನರಿಗೆ ಎಲ್ಲ ಹೇಳಿದಳು. ಅವರ ಮುಖ ಗಂಟಾಯಿತು. "ಕವರ್ ಇರುವ ಫೋಟೋ ಹುಡುಕು. ಕಮಿಟಿಗೆ ನಾನು ಮಾತಾಡ್ತೇನೆ" ಎಂದರು. ಎಷ್ಟು ಹುಡುಕಿದರೂ ಅದೇ ತರದ ಮಿಷನ್ ಸಿಗಲಿಲ್ಲ. ಇನ್ನು ಉಳಿದದ್ದು ಮನೆಯದ್ದೊಂದೇ. ಆದರೆ ಆ ಕವರಿನ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಮದುವೆ ಮನೆಯ ಫೋಟೋಗೆ ನಿಂತರೂ ಚಾಕೋ ಬಲಗೈಯನ್ನು ಉಟ್ಟ ಮುಂಡಿನ ಮಡಿಕೆಯೊಳಗೆ ಅಡಗಿಸುವವರು. ಕೇಳುವುದು ಹೇಗೆ? ಕೇಳದಿದ್ದರೆ ನಾಳೆ ಅಮ್ಮನ ಕೈ. ಅಪ್ಪನಿಗೇ ಫೋನ್ ಮಾಡಿದಳು.

"ಅಪ್ಪಚ್ಚಾ, ಆ ರೋಲರಿನ ಕವರ್ ಉಂಟಾ ಈಗ?"

"ಕೋಳಿಗೂಡಿನ ಮೇಲೆ ಉಂಟು. ಎಂತಕ್ಕೆ?"

ತಡವರಿಸುತ್ತ ತನ್ನ ತಪ್ಪನ್ನೆಲ್ಲ ಹೇಳಿದಳು. ಫೋನ್ ಕಟ್ಟಾಯಿತು. ಅಪ್ಪಚ್ಚನಿಗೆ ಸಿಟ್ಟು ಬಂತು, ಇನ್ನು ನನ್ನ ಮುಖ ನೋಡಲಿಕ್ಕಿಲ್ಲ ಎಂದು ಜಿಸ್ಮಿ ಮೊಬೈಲನ್ನೇ ನೋಡುತ್ತ ಕುಳಿತಳು. ಮತ್ತೆ ಫೋನ್ ಮಾಡಲು ಧೈರ್ಯ ಬರಲಿಲ್ಲ. ಎದುರಿಗಿದ್ದ ಚಹಾ ಆರಿ ಕೆನೆ ಕಟ್ಟಿತು.

ಕೊನೆಗೆ ಫೋಟೋ ಬಂತು. ಅಮ್ಮ ತೆಗೆದದ್ದು, ಸ್ವಲ್ಪ ಓರೆಯಾಗಿತ್ತು. ಮಿಷನ್ನಿನ ಮೇಲೆ ಕವರ್ ಸರಿಯಾಗಿ ಕೂತಿತ್ತು. ಅದರ ಬೋಲ್ಟುಗಳು ಎಂದೋ ಕಳೆದುಹೋಗಿದ್ದರಿಂದ ಬೀಳದ ಹಾಗೆ ಚಾಕೋ ಒತ್ತಿ ಹಿಡಿದಿದ್ದರು, ಬಲಗೈಯಲ್ಲಿ. ಬೆರಳಿಲ್ಲದ ಜಾಗ ಸ್ಪಷ್ಟವಾಗಿ ಕಾಣುತ್ತಿತ್ತು.

"ಅಪ್ಪಚ್ಚಾ, ಕೈ ಕಾಣ್ತದೆ. ಅದನ್ನು ಅಳಿಸಿ ಹಾಕ್ತೇನೆ" ಎಂದಳು ಫೋನಿನಲ್ಲಿ.

"ಬೇಡ ಮೋಳೆ" ಎಂದರು ಚಾಕೋ ಮಗಳಿಗೆ. " ಅದನ್ನೂ ನೋಡ್ಲಿ."

ಫೋಟೋ ಸೇರಿಸಿದಳು. ಪಟ್ಟಿಯಲ್ಲಿ ಬರೀ ಹೆಸರು ಕಂಡಿತು. ಈ ಸಲ ನಂಬದೆ ಹಾಳೆಗೆ ತಂದಿಟ್ಟು ನೋಡಿದಳು. ಮಿಷನ್ ನಾಲ್ಕು, ಸಾಲು ನಾಲ್ಕು, ನಾಲ್ಕರಲ್ಲೂ ಅಪ್ಪಚ್ಚನ ಕೈ. ಅಳು ಬಂತು, ತಡೆದುಕೊಂಡು ಕಮಿಟಿಗೂ ಮುಸ್ತಫಾನಿಗೂ ಕಳಿಸಿದಳು.

ಆಫೀಸು ಮುಚ್ಚುವ ಹೊತ್ತಿಗೆ ಮುಸ್ತಫಾನ ಫೋನ್ ಬಂತು.

"ಅದು ಯಾರ ಕೈ ತಂಗಿ?"

"ನನ್ನ ಅಪ್ಪಂದು."

"ಲಾರಿಯವನಿಗೆ ನಾಳೆ ಬರುದು ಬೇಡ ಹೇಳಿದ್ದೇನೆ" ಎಂದ. "ಕವರ್ ಕೂರದೆ ಒಂದೂ ಇಲ್ಲಿಂದ ಹೋಗುದಿಲ್ಲ."