ಮೂರನೇ ಗೇರಿನಲ್ಲಿ ಚಿಕ್ಕಪ್ಪ

ನಮ್ಮ ಕಂಪನಿಯವರು ಪೆಟ್ರೋಲ್ ಎಂಜಿನ್ ಪರೀಕ್ಷಿಸುವ ವಿಭಾಗವನ್ನು ಮುಚ್ಚಿದಾಗ ನನಗೆ ನಲವತ್ತೇಳು ವರ್ಷ. ಬ್ಯಾಟರಿ ವಿಭಾಗಕ್ಕೆ ಬನ್ನಿ ಎಂದು ಕರೆದರು, ನಾನು ಹೋಗಲಿಲ್ಲ. ಎಂಜಿನ್‌ಗಳನ್ನು ಕಬ್ಬಿಣದ ಸ್ಟ್ಯಾಂಡಿಗೆ ಕಟ್ಟಿ, ಗಾಜಿನ ಈಚೆ ಕೂತು, ಅವು ಕೂಗುವುದನ್ನು ಕೇಳುತ್ತಲೇ ಅರ್ಧ ಆಯುಷ್ಯ ಕಳೆದವಳು ನಾನು. ಗಂಡ ಕೆಲಸಕ್ಕೆ, ಮಗಳು ಕಾಲೇಜಿಗೆ ಹೋದ ಮೇಲೆ ಜೆ.ಪಿ. ನಗರದ ಮನೆಯಲ್ಲಿ ಉಳಿಯುತ್ತಿದ್ದ ನಿಶ್ಶಬ್ದವನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ, ಒರೆಸಿ, ಮತ್ತೆ ಮೇಲಿಡುತ್ತಿದ್ದೆ. ಜಯನಗರ ನಾಲ್ಕನೇ ಬ್ಲಾಕಿನವರೆಗೆ ಹೋಗಿ, ಏನೂ ಕೊಳ್ಳದೆ ಬಸ್ಸು ಹತ್ತಿ ವಾಪಸು ಬರುತ್ತಿದ್ದೆ. ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಎಲ್ಲಿಗೆಂದು ಗೊತ್ತಾಗುತ್ತಿರಲಿಲ್ಲ.

ಅಂಥದೊಂದು ಬೆಳಿಗ್ಗೆ ಚಿಕ್ಕಪ್ಪ ಫೋನ್ ಮಾಡಿದ.

"ಬಿಟಿಎಂಗೆ ಬಾ, ಗ್ಯಾರೇಜಿಗೆ. ಎಂಜಿನ್ ತಂದಿದೀನಿ."

ಯಾವುದಕ್ಕೆ ಎಂದು ಕೇಳಿದೆ. ನಮ್ಮ ಗಾಡಿಗೆ ಎಂದು ಹೇಳಿ ಫೋನ್ ಇಟ್ಟುಬಿಟ್ಟ.

ನಮ್ಮ ಗಾಡಿ ಎಂದರೆ ಒಂದೇ. ಎರಡೇ ಸೀಟಿನ, ಮೇಲೆ ಬಟ್ಟೆಯ ಹುಡ್ ಇರುವ, ಇಂಗ್ಲೆಂಡಿನಲ್ಲಿ ತಯಾರಾದ ಕೆಂಪು ಸ್ಪೋರ್ಟ್ಸ್ ಕಾರು. ನಾನು ಹುಟ್ಟುವ ಮೊದಲೇ ಚಿಕ್ಕಪ್ಪ ಅದನ್ನು ನೀಲಗಿರಿಯ ಟೀ ಫ್ಯಾಕ್ಟರಿಯೊಂದರ ಹಿತ್ತಲಿನಿಂದ ಲಾರಿಯಲ್ಲಿ ಹಾಕಿಕೊಂಡು ವಸಂತಪುರಕ್ಕೆ ತಂದಿದ್ದ. ಆಗ ನಮ್ಮದು ರಾಗಿ, ಅವರೆ ಬೆಳೆಯುವ ಮನೆ. ಅಪ್ಪ ಹೊಲ ನೋಡಿದರೆ ಚಿಕ್ಕಪ್ಪ ಕಬ್ಬಿಣ ಕಡೆಯುವ ಲೇತ್ ಹಾಕಿಕೊಂಡು ಬೋಲ್ಟು, ಬುಷ್ಷು ಮಾಡುತ್ತಿದ್ದ. ಈಗ ಹೊಲವಿದ್ದಲ್ಲಿ ಬಾಡಿಗೆ ಮನೆಗಳಿವೆ. ಅಪ್ಪ ತೀರಿಕೊಂಡಿದ್ದಾರೆ. ಅಮ್ಮ ಮುಂದಿನ ಮನೆಯಲ್ಲಿ, ಮದುವೆಯಾಗದೆ ಉಳಿದ ಚಿಕ್ಕಪ್ಪ ಹಿಂದಿನ ಶೆಡ್ಡಿನ ಪಕ್ಕದ ಕೋಣೆಯಲ್ಲಿ. ಶೆಡ್ಡಿನಲ್ಲಿ ಲೇತ್ ಮತ್ತು ಕಾರು. ಚಿಕ್ಕವಳಿದ್ದಾಗ ನನ್ನನ್ನು ಆ ಕಾರಿನ ಎಡಗಡೆ ಸೀಟಿನಲ್ಲಿ ಕೂರಿಸಿಕೊಂಡು ಬನಶಂಕರಿ ಗುಡಿಯವರೆಗೆ ಹೋಗಿಬರುತ್ತಿದ್ದ. ನಾನು ಎಂಜಿನಿಯರಿಂಗ್ ಓದಿದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಹಿಂದಿನ ಬೇಸಿಗೆಯಲ್ಲಿ ಬನ್ನೇರುಘಟ್ಟ ರಸ್ತೆಯ ಜಾಮಿನಲ್ಲಿ ಸಿಕ್ಕಿಕೊಂಡು, ಅರೆಕೆರೆಯ ಹತ್ತಿರ ಅದರ ಎಂಜಿನ್ ಕುದಿದು, ಸಿಲಿಂಡರುಗಳಿರುವ ಕಬ್ಬಿಣದ ಬ್ಲಾಕ್ ಬಿರುಕು ಬಿಟ್ಟಿತ್ತು. ಹಿಂದೆಯೂ ಬಿಟ್ಟಿತ್ತು, ಚಿಕ್ಕಪ್ಪ ಬಿರುಕಿಗೆ ಲೋಹದ ಹೊಲಿಗೆ ಹಾಕಿಸಿದ್ದ. ಈ ಸಲವೂ ಹೊಲಿಸುತ್ತಾನೆ ಅಂದುಕೊಂಡಿದ್ದೆ.

ಗ್ಯಾರೇಜಿನ ನೆಲದ ಮೇಲೆ ಗೋಣಿಚೀಲ ಹಾಸಿ ಅದರ ಮೇಲೆ ಎಂಜಿನ್ ಇಟ್ಟಿದ್ದರು. ಹಿಂದಿನಿಂದ ಲಾರಿ ಗುದ್ದಿ ಗುಜರಿಗೆ ಹೋದ ಯಾವುದೋ ಹೊಸ ಸಣ್ಣ ಕಾರಿನದು. ಒಂದು ಲೀಟರ್, ಮೂರೇ ಸಿಲಿಂಡರ್, ಪಕ್ಕದಲ್ಲಿ ಬಸವನಹುಳುವಿನ ಚಿಪ್ಪಿನಂತೆ, ಒಳಕ್ಕೆ ಹೆಚ್ಚು ಗಾಳಿ ತುಂಬುವ ಟರ್ಬೋ. ಇಂಥವನ್ನು ನಾನು ಗಾಜಿನಾಚೆ ನೂರಾರು ನೋಡಿದ್ದೆ. ನಮ್ಮ ಕಾರಿನ ಬಾನೆಟ್ಟಿನೊಳಗೆ ಇದನ್ನು ಇಡುವುದನ್ನು ನನ್ನಿಂದ ಒಪ್ಪಲಾಗಲಿಲ್ಲ. ಅದು ಹಳೇ ಕಾಲದ ಗಾಡಿ, ಹುಟ್ಟಿದ ಹಾಗೆಯೇ ಇರಬೇಕು, ಬ್ಲಾಕ್ ಎಲ್ಲಿಯಾದರೂ ಸಿಗುತ್ತದೆ, ವಿದೇಶದಿಂದಾದರೂ ತರಿಸೋಣ ಎಂದು ಒಂದೇ ಉಸಿರಿಗೆ ಹೇಳಿದೆ.

ಚಿಕ್ಕಪ್ಪ ಎಲ್ಲವನ್ನೂ ಕೇಳಿಸಿಕೊಂಡ. "ಸತ್ತೋರನ್ನ ಎಷ್ಟು ಸಲ ಎಬ್ಬಿಸೋದು ಹೇಳು. ನಿಂಗೆ ಮ್ಯೂಸಿಯಂ ನೋಡ್ಬೇಕು ಅನ್ಸಿದ್ರೆ ಕಬ್ಬನ್ ಪಾರ್ಕ್ ಹತ್ರ ಇದೆ, ಹೋಗ್ಬಾ. ನಂಗೆ ಓಡೋ ಗಾಡಿ ಬೇಕು."

ಗ್ಯಾರೇಜಿನ ಯಜಮಾನ ನನ್ನ ವಯಸ್ಸಿನವನೇ. ಅವನಿಗೆ ಈ ಕೆಲಸ ಸಿಕ್ಕಿದ್ದೇ ಹಬ್ಬ. ಇದರಿಂದ ಎಷ್ಟು ಹಾರ್ಸ್‌ಪವರ್ ತೆಗೆಯಬಹುದು, ಗಾಡಿ ಹೇಗೆ ಹಾರುತ್ತದೆ ಎಂದು ವಿವರಿಸುತ್ತಿದ್ದ. ಚಿಕ್ಕಪ್ಪ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವನು ಕೇಳಿದ್ದು ಬೇರೆ. ನಿಧಾನಕ್ಕೆ ಹೋಗುವಾಗ, ಗೇರ್ ಇಳಿಸದೆ, ಇದು ಎಷ್ಟು ಕಡಿಮೆ ವೇಗದಿಂದ ಎಳೆಯುತ್ತೆ? ನಾನು ಚೆನ್ನಾಗಿ ಎಳೆಯುತ್ತೆ ಎಂದೆ. ಟರ್ಬೋ ಇಟ್ಟಿರುವುದೇ ಅದಕ್ಕೆ. "ಹಂಗಾದ್ರೆ ಸರಿ" ಎಂದು ಎಡಗೈಯನ್ನು ಸ್ವೆಟರ್ ಜೇಬಿನಲ್ಲಿ ತೂರಿಸಿಕೊಂಡು ಟೀ ಅಂಗಡಿಯ ಕಡೆ ಹೊರಟ.

ಮನೆಗೆ ಬಂದು ಒಂದು ವಾರ ಕೋಪ ಮಾಡಿಕೊಂಡಿದ್ದೆ. ಆದರೆ ಆ ಕೋಪಕ್ಕೆ ಮನೆಯಲ್ಲಿ ಮಾಡಲು ಕೆಲಸವಿರಲಿಲ್ಲ. ಎಂಜಿನ್ ಅಡ್ಡಡ್ಡ ಕೂರುವಂಥದ್ದು, ಈ ಗಾಡಿಗೆ ಉದ್ದಕ್ಕೆ ಕೂರಬೇಕು, ಹಿಂದಿನ ಚಕ್ರ ತಿರುಗಿಸಬೇಕು, ಅದಕ್ಕೆ ಯಾವ ಗೇರ್‌ಬಾಕ್ಸ್ ಜೋಡಿಸುತ್ತಾರೆ, ವೈರಿಂಗ್ ಯಾರು ಮಾಡುತ್ತಾರೆ ಎಂದು ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ ಲೆಕ್ಕ ಹಾಕುತ್ತಿದ್ದೆ. ಅವರು ಖಂಡಿತ ಕೆಡಿಸುತ್ತಾರೆ ಅನ್ನಿಸಿತು. ಹೇಗೂ ಮಾಡುವುದಾದರೆ ಸರಿಯಾಗಿಯಾದರೂ ಮಾಡಲಿ ಎಂದು ಲ್ಯಾಪ್‌ಟಾಪ್ ಹಿಡಿದು ಬಿಟಿಎಂಗೆ ಹೋದೆ.

ಆರ್‌ಟಿಓದಿಂದ ಮೊದಲೇ ಒಪ್ಪಿಗೆ ತೆಗೆದುಕೊಳ್ಳಬೇಕಿತ್ತು. ಅದಾದ ಮೇಲೆ ಹಳೇ ಎಂಜಿನ್ ಇಳಿಸಿದೆವು. ಚೈನ್ ಪುಲ್ಲಿಯಲ್ಲಿ ಅದು ಮೇಲೆದ್ದಾಗ ಗಾಡಿಯ ಮೂತಿ ನಿಟ್ಟುಸಿರು ಬಿಟ್ಟಂತೆ ಮೇಲಕ್ಕೆ ಬಂತು. ನಾನು ನೇತಾಡುವ ಎಂಜಿನ್ನನ್ನೇ ನೋಡುತ್ತಿದ್ದೆ. ಚಿಕ್ಕಪ್ಪ ಮಾತ್ರ ಖಾಲಿ ಜಾಗದೊಳಗೆ ಬಗ್ಗಿ, ಟಾರ್ಚ್ ಬಿಟ್ಟು, ಇಷ್ಟೊಂದು ಜಾಗ ಇತ್ತಾ ಎಂದು ಖುಷಿಪಟ್ಟ.

ಆಮೇಲಿನ ದಿನಗಳು ಜಗಳದಲ್ಲೇ ಕಳೆದವು. ಗ್ಯಾರೇಜಿನವನು ಚಿಕ್ಕ ವ್ಯಾನ್ ಒಂದರ ಗೇರ್‌ಬಾಕ್ಸ್ ತಂದ. ಅದು ಸಾಲದು, ಮುರಿಯುತ್ತದೆ ಎಂದೆ. ಮುರಿಯುವಷ್ಟು ಒತ್ತಬೇಡಿ ಮೇಡಂ ಎಂದ. ಎಂಜಿನ್‌ನ ಕಂಪ್ಯೂಟರ್ ತನ್ನ ಹಳೇ ಕಾರನ್ನು ಹುಡುಕುತ್ತಿತ್ತು. ಆ ಕಾರಿನ ಕೀಲಿ, ಆ ಕಾರಿನ ಬ್ರೇಕು, ಚಕ್ರಗಳು ಯಾವುದೂ ಸಿಗದೆ ಸ್ಟಾರ್ಟ್ ಆಗಲು ಒಪ್ಪುತ್ತಿರಲಿಲ್ಲ. ಕೊನೆಗೆ ಅದನ್ನು ಪಕ್ಕಕ್ಕಿಟ್ಟು ಬೇರೆ ಕಂಪ್ಯೂಟರ್ ಹಾಕಿ, ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಎಂಬುದನ್ನೆಲ್ಲ ನಾನೇ ಮೊದಲಿನಿಂದ ಬರೆಯಬೇಕಾಯಿತು. ಗ್ಯಾರೇಜಿನವನು ಮೇಲಿನ ವೇಗಕ್ಕೆ ಶಕ್ತಿ ತುಂಬಿ ಎನ್ನುತ್ತಿದ್ದ. ಚಿಕ್ಕಪ್ಪ ಬೇಡ, ಕೆಳಗಿನ ವೇಗಕ್ಕೆ ತುಂಬು ಎನ್ನುತ್ತಿದ್ದ. ಕ್ಲಚ್ ಮೆತ್ತಗಿರಬೇಕು, ಗೇರ್ ಕಡ್ಡಿ ಮೊಣಕಾಲಿನ ಹತ್ತಿರ ಬರಬೇಕು ಎಂದು ಬೇರೆ ಹೇಳಿದ. ಬೆಂಗಳೂರಿನ ಟ್ರಾಫಿಕ್ಕನ್ನು ಬಲ್ಲವನ ಮಾತು ಎಂದುಕೊಂಡು ಹಾಗೇ ಮಾಡಿದೆ.

ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂರುವ ಉಕ್ಕಿನ ಪ್ಲೇಟನ್ನು ತಾನೇ ಕಡೆಯುತ್ತೇನೆ ಎಂದು ಚಿಕ್ಕಪ್ಪ ಹಟ ಹಿಡಿದ. ಶೆಡ್ಡಿನ ಬಾಗಿಲು ಹಾಕಿಕೊಂಡು ಲೇತ್ ಮೇಲೆ ಮಾಡಿ ತಂದ. ಜೋಡಿಸಿ ಸ್ಟಾರ್ಟ್ ಮಾಡಿದಾಗ ಗಾಡಿ ಹಲ್ಲು ಕಡಿಯುವಂತೆ ನಡುಗಿತು. ಬಿಚ್ಚಿ ಅಳೆದು ನೋಡಿದೆವು. ತೂತುಗಳ ಮಧ್ಯಬಿಂದು ಕೂದಲೆಳೆಯಷ್ಟು ಪಕ್ಕಕ್ಕೆ ಹೋಗಿತ್ತು. ಚಿಕ್ಕಪ್ಪನ ಕೈಯ ಕೆಲಸದಲ್ಲಿ ನಾನು ಇಂಥ ತಪ್ಪು ಕಂಡವಳಲ್ಲ. "ಲೇತ್ ಹಳೇದಾಯ್ತು" ಎಂದಷ್ಟೇ ಹೇಳಿ ಹೊರಗೆ ಹೋಗಿ ನಿಂತ. ಗ್ಯಾರೇಜಿನವನು ಬೇರೆ ಕಡೆ ಪ್ಲೇಟ್ ಮಾಡಿಸಿ ತಂದ.

ಆ ವಾರ ಅಮ್ಮನ ಮನೆಗೆ ಹೋದಾಗ ಅವಳು ಗಾಡಿಯ ಸುದ್ದಿ ತೆಗೆದಳು. ಅವಳಿಗೆ ಅದು ಎಂದೂ ಇಷ್ಟವಿರಲಿಲ್ಲ. ಎಪ್ಪತ್ತು ದಾಟಿದವನಿಗೆ ಹೊಸ ಎಂಜಿನ್ ಹಾಕಿಕೊಡಲು ನಿನಗೆ ಬುದ್ಧಿ ಇಲ್ಲವೇ ಎಂದಳು. ಚಿಕ್ಕಪ್ಪ ಯಾವಾಗಲೂ ಎಲ್ಲಿಗಾದರೂ ಹೋಗಬೇಕು ಅಂತಾನೇ ಇರ್ತಾನಲ್ಲ ಎಂದು ನಾನು ನಕ್ಕೆ.

"ಅವನಿಗೆ ಎಲ್ಲಿಗೋ ಹೋಗ್ಬೇಕು ಅಂತಲ್ಲ ಕಣೇ. ಇಲ್ಲಿಂದ ಹೋಗ್ಬೇಕು ಅಂತ. ಮೊದಲಿಂದ್ಲೂ ಹಂಗೇ." ಹೀಗೆ ಹೇಳುತ್ತ ಚಿಕ್ಕಪ್ಪನಿಗೆಂದು ಲೋಟಕ್ಕೆ ಕಾಫಿ ಬಗ್ಗಿಸಿದಳು. ಅರ್ಧ ಲೋಟ ಮಾತ್ರ. ಯಾಕೆ ಇಷ್ಟೇ ಎಂದು ಕೇಳಿದ್ದಕ್ಕೆ ತುಂಬ ಕೊಟ್ಟರೆ ಚೆಲ್ಲುತ್ತಾನೆ ಎಂದಳು. ನನಗೆ ಆಗಲೂ ಏನೂ ಹೊಳೆಯಲಿಲ್ಲ. ಅಮ್ಮ ಹೇಳಿದ ಮಾತು ಅವನಿಗಿಂತ ನನಗೇ ಹೆಚ್ಚು ಹೊಂದುತ್ತದಲ್ಲ ಎಂದು ಯೋಚಿಸುತ್ತಿದ್ದೆ.

ಎರಡನೇ ಪ್ಲೇಟ್ ಸರಿಯಾಗಿ ಕೂತಿತು. ಆಮೇಲೆ ಎಂಜಿನ್ ಬಿಸಿಯಾಯಿತು, ರೇಡಿಯೇಟರ್ ಬದಲಾಯಿಸಿದೆವು. ಮುಂದಿನ ಬ್ರೇಕುಗಳನ್ನೂ ಹೊಸದು ಮಾಡಿದೆವು, ಅದರಲ್ಲಿ ಮೂವರಲ್ಲೂ ಭಿನ್ನಾಭಿಪ್ರಾಯವಿರಲಿಲ್ಲ. ಆರ್‌ಟಿಓದಲ್ಲಿ ಗಾಡಿ ತೋರಿಸಿ, ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರು ಸೇರಿದ ಮೇಲೆ, ಒಂದು ಭಾನುವಾರ ಬೆಳಕು ಹರಿಯುವ ಹೊತ್ತಿಗೆ ವಸಂತಪುರದಿಂದ ಹೊರಟೆವು. ಚಿಕ್ಕಪ್ಪ ಸ್ಟೀರಿಂಗ್ ಹಿಂದೆ, ನಾನು ಎಡಗಡೆ, ತೊಡೆಯ ಮೇಲೆ ಲ್ಯಾಪ್‌ಟಾಪ್.

ಗಲ್ಲಿ ದಾಟುವವರೆಗೆ ಹಳೆಯ ಸದ್ದಿಗಾಗಿ ಕಿವಿ ಹುಡುಕುತ್ತಿತ್ತು. ಸಿಕ್ಕಿದ್ದು ಒಂದು ತೆಳ್ಳಗಿನ ಗೊರಗೊರ, ಅದರ ಮೇಲೆ ಟರ್ಬೋದ ಸಿಳ್ಳು. ಮೊದಲನೇ ಗೇರಿನಲ್ಲಿ ಹೊರಟ, ಎರಡಕ್ಕೆ ಹಾಕಿದ, ಕನಕಪುರ ರಸ್ತೆಗೆ ಬಂದು ಮೂರಕ್ಕೆ ಹಾಕಿದ. ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡ. ಮುಂದೆ ಒಂದು ಬಸ್ಸು ನಿಧಾನಿಸಿತು. ಹಳೇ ಎಂಜಿನ್ನಾಗಿದ್ದರೆ ಕ್ಲಚ್ ಎರಡೆರಡು ಸಲ ತುಳಿದು ಗೇರ್ ಇಳಿಸಬೇಕಿತ್ತು. ಚಿಕ್ಕಪ್ಪ ಮೂರರಲ್ಲೇ ನಿಧಾನಿಸಿದ, ಮೂರರಲ್ಲೇ ಬಸ್ಸನ್ನು ದಾಟಿದ. ಉಬ್ಬು ಬಂತು, ಏರು ಬಂತು, ಅಂಜನಾಪುರದ ತಿರುವು ಬಂತು. ಗೇರ್ ಕಡ್ಡಿ ಇದ್ದಲ್ಲೇ ಇತ್ತು. ನಾಲ್ಕಕ್ಕೆ ಹಾಕು ಚಿಕ್ಕಪ್ಪ, ಎಂಜಿನ್ ಕೇಳ್ತಿದೆ ಎಂದೆ. ಆಗ ಅವನ ಎಡಗೈ ನೋಡಿದೆ. ತೊಡೆಯ ಮೇಲೆ ಅದು ತನ್ನಷ್ಟಕ್ಕೆ ಅಲುಗುತ್ತಿತ್ತು, ಹೆಬ್ಬೆರಳು ಬೀಡಿ ಸುತ್ತುವಂತೆ ತೋರುಬೆರಳಿಗೆ ಉಜ್ಜುತ್ತಿತ್ತು. ಅದು ರಸ್ತೆಯ ನಡುಕವಲ್ಲ. ಬಲಗೈ ಸ್ಟೀರಿಂಗ್ ಮೇಲೆ ಕಲ್ಲಿನಂತೆ ಸ್ಥಿರವಾಗಿತ್ತು.

ರಸ್ತೆಯ ಪಕ್ಕದ ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಿದ. ನಾನು ಕೇಳಬೇಕಾಗಲಿಲ್ಲ.

"ಹೋದ ವರ್ಷದಿಂದ ಹಿಂಗೆ. ಡಾಕ್ಟ್ರು ಮಾತ್ರೆ ಕೊಟ್ಟವ್ರೆ. ಎಡಗೈ ಒಂದೇ, ಸದ್ಯಕ್ಕೆ. ಗಾಡಿ ಓಡಿಸ್ಬೋದಾ ಅಂತ ಕೇಳ್ದೆ, ಹತ್ರಹತ್ರ ಓಡ್ಸಿ, ಆರು ತಿಂಗ್ಳಿಗೊಂದ್ಸಲ ಬಂದು ತೋರ್ಸಿ ಅಂದ್ರು." ಕೀಲಿ ತಿರುಗಿಸಿ ಎಂಜಿನ್ ಆರಿಸಿದ. "ಆ ಹಳೇ ಗೇರ್ ಕಡ್ಡಿ ನನ್ ಕೈಲಿ ಆಗ್ತಿರ್ಲಿಲ್ಲ ಮಗಳೇ. ಅರೆಕೆರೆ ಹತ್ರ ಕುದೀತಲ್ಲ, ಅವತ್ತು ಗೇರ್ ಬೀಳ್ಲಿಲ್ಲ. ಅರ್ಧ ರಸ್ತೆ ಮೊದಲನೇದ್ರಲ್ಲೇ ಓಡ್ಸಿದ್ದೆ."

ನನಗೆ ಸಿಟ್ಟು ಬಂತು. ಇಷ್ಟು ತಿಂಗಳು ಗ್ಯಾರೇಜಿನಲ್ಲಿ ಪಕ್ಕದಲ್ಲೇ ನಿಂತು ಒಂದು ಮಾತು ಹೇಳಲಿಲ್ಲವಲ್ಲ ಎಂದು. ಆಟೋಮ್ಯಾಟಿಕ್ ಕಾರು ಕೊಂಡಿದ್ದರೆ ಮುಗಿಯುತ್ತಿತ್ತು ಎಂದೆ. ಅದರಲ್ಲಿ ಕೂತರೆ ನಾನು ಓಡಿಸಿದ ಹಾಗಾಗುತ್ತಾ ಎಂದು ಕೇಳಿದ. ಅವನು ವೇಗಕ್ಕೆ ಆಸೆಪಟ್ಟಿದ್ದಾನೆ ಎಂದು ಅಮ್ಮನೂ ನಾನೂ ಗ್ಯಾರೇಜಿನವನೂ ತಿಳಿದಿದ್ದೆವು. ಅವನಿಗೆ ಬೇಕಿದ್ದದ್ದು ಒಂದೇ ಗೇರಿನಲ್ಲಿ ಊರು ದಾಟಿಸುವ ಎಂಜಿನ್. ನಾನು ಕೂತು ಬರೆದಿದ್ದೂ ಅದನ್ನೇ, ಯಾಕೆಂದು ಗೊತ್ತಿಲ್ಲದೆ.

ಲ್ಯಾಪ್‌ಟಾಪ್ ಮುಚ್ಚಿದೆ. ಇಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಭಾನುವಾರ ಬೆಳಿಗ್ಗೆ ಮಾತ್ರ, ಊರು ಏಳುವ ಮೊದಲು, ನಾನು ಜೊತೆಗಿದ್ದರೆ ಮಾತ್ರ. ಡಾಕ್ಟರ ಹತ್ತಿರವೂ ನಾನೇ ಕರೆದುಕೊಂಡು ಹೋಗುವುದು. ಸಾಕೆನಿಸಿದ ದಿನ ಅವನೇ ಹೇಳಬೇಕು, ನನ್ನಿಂದ ಹೇಳಿಸಬಾರದು.

ಮಳೆಗಾಲ ಕಳೆಯಿತು, ಚಳಿ ಬಂತು. ಪ್ರತಿ ಭಾನುವಾರ ಹೋದೆವು. ಅವನ ಜೊತೆ ಕೂತಷ್ಟು ಹೊತ್ತು ನನಗೆ ಭಯ ಬಿಡುತ್ತಿರಲಿಲ್ಲ, ಆದರೆ ಕಾಲು ಮಾತ್ರ ಎಲ್ಲಿಗೂ ಓಡಲು ಹವಣಿಸುತ್ತಿರಲಿಲ್ಲ. ವಾರದ ಉಳಿದ ದಿನ ಮತ್ತೆ ಅದೇ ಚಡಪಡಿಕೆ. ಗ್ಯಾರೇಜಿನವನು ಬೇರೆಯವರ ಗಾಡಿಗಳ ಕಂಪ್ಯೂಟರ್ ಕೆಲಸಕ್ಕೂ ಬನ್ನಿ ಮೇಡಂ ಎಂದು ಕರೆದ. ಹೋದೆ. ಈಗ ವಾರದಲ್ಲಿ ಮೂರು ದಿನ ಅಲ್ಲೇ ಇರುತ್ತೇನೆ. ಜಗಳ ನಿಂತಿಲ್ಲ.

ಸಂಕ್ರಾಂತಿಯ ನಂತರದ ಒಂದು ಭಾನುವಾರ ನಾನು ಶೆಡ್ಡಿಗೆ ಹೋದಾಗ ಚಿಕ್ಕಪ್ಪ ಆಗಲೇ ಗಾಡಿಯಲ್ಲಿ ಕೂತಿದ್ದ. ಎಡಗಡೆ ಸೀಟಿನಲ್ಲಿ. ತಲೆಗೆ ಮಫ್ಲರ್ ಸುತ್ತಿಕೊಂಡು, ಬೆಲ್ಟ್ ಹಾಕಿಕೊಂಡು, ಎದುರಿನ ಗೋಡೆ ನೋಡುತ್ತಿದ್ದ. ಬಲಗೈಯೂ ನಡುಗಲು ಶುರುವಾಗಿರಬೇಕು ಎಂದುಕೊಂಡೆ. ಬಾಗಿಲು ತೆಗೆದು ಸ್ಟೀರಿಂಗ್ ಹಿಂದೆ ಕೂತೆ. ಸೀಟು ಅವನ ಅಳತೆಗೆ ಹಿಂದಿತ್ತು, ಮುಂದಕ್ಕೆ ಎಳೆದುಕೊಂಡೆ.

ದಾರಿಯುದ್ದಕ್ಕೂ ಬೈದ. ಕ್ಲಚ್ ಮೇಲೆ ಕಾಲಿಟ್ಟುಕೊಂಡು ಓಡಿಸಬೇಡ, ಉಬ್ಬಿಗೆ ಇಷ್ಟು ಹೆದರಬೇಡ, ಆ ಸ್ಕೂಟರ್‌ನವನಿಗೆ ದಾರಿ ಬಿಡು. ನಾನು ಹಟಕ್ಕೆ ಗೇರುಗಳನ್ನೆಲ್ಲ ಬಳಸಿದೆ. ನಾಲ್ಕರಲ್ಲಿ ಮೇಲೇರುವಾಗ ಟರ್ಬೋ ಗಾಳಿ ಎಳೆದುಕೊಂಡಿತು, ಗಾಡಿ ನನ್ನನ್ನು ಸೀಟಿಗೆ ಒತ್ತಿತು. ಪಕ್ಕದಲ್ಲಿ ಬೈಗುಳ ನಿಂತಿತು. ತಿರುಗಿ ನೋಡಿದರೆ ಚಿಕ್ಕಪ್ಪ ನಡುಗುವ ಎರಡೂ ಕೈಗಳನ್ನು ಬಾಗಿಲಿನ ಅಂಚಿನ ಮೇಲೆ ಬಿಸಿಲಿಗೆ ಇಟ್ಟು, ಅಡಗಿಸದೆ, ಹಾಗೇ ಬಿಟ್ಟುಕೊಂಡು ಕೂತಿದ್ದ.

"ಇಷ್ಟು ಶಕ್ತಿ ಇತ್ತಾ ಇದ್ರಲ್ಲಿ?" ಎಂದ.

ಇನ್ನೂ ಇದೆ ಎಂದೆ. ಹಾರೋಹಳ್ಳಿಯಲ್ಲಿ ಇಡ್ಲಿ ತಿಂದು ವಾಪಸಾಗುವುದು ನಮ್ಮ ಮಾಮೂಲು. ಇಡ್ಲಿ ತಿಂದೆವು. ಹೊರಗೆ ಬಂದು ಗಾಡಿ ತಿರುಗಿಸಲು ಕನ್ನಡಿ ನೋಡುತ್ತಿದ್ದಾಗ ಅವನು ಮಫ್ಲರನ್ನು ಬಿಗಿ ಮಾಡಿಕೊಂಡು, ಇನ್ನೂ ಮುಂದೆ, ಕನಕಪುರದ ಕಡೆ ಗದ್ದ ಎತ್ತಿ ತೋರಿಸಿದ. ಅಮ್ಮ ಅಡುಗೆ ಮಾಡಿ ಕಾಯುತ್ತಾಳೆ ಎಂದೆ. ಫೋನ್ ಮಾಡಿ ಹೇಳು ಎಂದ. ಫೋನ್ ಮಾಡಿದೆ, ಅಮ್ಮ ಇಬ್ಬರಿಗೂ ಸೇರಿಸಿ ಬೈದಳು, ನಾವು ಹೊರಟೆವು.