ಒಂದು ಕೋಯ್ತಾ, ಇಬ್ಬರು ಮನುಷ್ಯರು: ಕೌಸಲ್ಯಾಬಾಯಿಯವರ ಭಾಲ್ಕಿಯ ದಿನಗಳು

ಬೀದರ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂರು ದಶಕಗಳಿಗೂ ಮೀರಿ ಶುಶ್ರೂಷಕಿಯಾಗಿ ದುಡಿದು ಇದೀಗ ನಿವೃತ್ತರಾಗುತ್ತಿರುವ ಶ್ರೀಮತಿ ಕೌಸಲ್ಯಾಬಾಯಿಯವರನ್ನು ಕುರಿತು ಬರೆಯಲು ನನಗಿಂತ ಯೋಗ್ಯರು ಈ ಅಭಿನಂದನ ಸಂಪುಟದಲ್ಲಿಯೇ ಅನೇಕರಿದ್ದಾರೆ. ಹಗಲು ಭಾಲ್ಕಿ ಆಸ್ಪತ್ರೆಯ ಔಷಧ ಕೋಣೆಯಲ್ಲಿ ಕೆಲಸ, ಸಂಜೆ ಕಾಲೇಜಿನಲ್ಲಿ ಓದು, ಹೀಗೆ ಅಕ್ಷರ ಕೂಡಿಸಿಕೊಂಡವನು ನಾನು. ಬಲ್ಲವರ ನಡುವೆ ಬಾಯಿ ತೆರೆದದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಅರ್ಧ ಕಂಡ, ಇನ್ನರ್ಧ ಅವರ ಆರೈಕೆಯಲ್ಲಿದ್ದ ಶೇವಂತಾಬಾಯಿ ಎಂಬ ಹೆಣ್ಣುಮಗಳ ಬಾಯಿಂದಲೇ ಕೇಳಿದ ಒಂದು ಸಂಗತಿಯನ್ನಷ್ಟೇ ಹೇಳುತ್ತೇನೆ. ಎಲ್ಲಾದರೂ ತಪ್ಪಿದ್ದರೆ ಅದು ನನ್ನ ನೆನಪಿನದು.

ಔರಾದದಲ್ಲಿ ಸೇವೆ ಆರಂಭಿಸಿ, ಚಿಂತಾಕಿಯ ಕಡೆಯ ಹೆರಿಗೆಗಳಿಗೆ ಸಿಕ್ಕ ಗಾಡಿ ಹತ್ತಿ ಹೋಗಿಬರುತ್ತಿದ್ದ ಕೌಸಲ್ಯಾಬಾಯಿಯವರು ಭಾಲ್ಕಿಗೆ ವರ್ಗವಾಗಿ ಬಂದದ್ದು 2003ರ ಬರದ ಹೊತ್ತಿಗೆ. ಆ ವರ್ಷ ಔರಾದ ತಾಲೂಕಿನ ಎಕಂಬಾದ ಶೇವಂತಾಬಾಯಿ ಗಂಡ ಪಂಢರಿಯೊಂದಿಗೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದಳು. ಕೋಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಆ ಕೆಲಸದಲ್ಲಿ ಗಂಡ-ಹೆಂಡತಿ ಸೇರಿಯೇ ‘ಒಂದು ಕೋಯ್ತಾ’. ಗಂಡ ಕಡಿಯುತ್ತಾನೆ, ಹೆಂಡತಿ ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಟ್ರಾಲಿಗೆ ಏರಿಸುತ್ತಾಳೆ, ಲೆಕ್ಕದ ಪುಸ್ತಕದಲ್ಲಿ ಹೆಸರು ಮಾತ್ರ ಗಂಡನದೊಂದೇ. ಹಾಗೆ ಏರಿಸುವಾಗ ಟ್ರಾಲಿಯ ಸರಪಳಿಗೆ ಸಿಕ್ಕಿ ಅವಳ ಎಡಗೈಯ ಹೆಬ್ಬೆರಳೂ ಪಕ್ಕದ ಎರಡು ಬೆರಳುಗಳೂ ಹೋದವು. ಆಳುಗಳನ್ನು ಒಯ್ದಿದ್ದ ಮುಕಾದಮ ಹಾವಗೆಪ್ಪ ಇಬ್ಬರನ್ನೂ ಊರ ಕಡೆಯ ಬಸ್ಸು ಹತ್ತಿಸಿಬಿಟ್ಟ.

ಭಾಲ್ಕಿಯ ವಾರ್ಡಿನಲ್ಲಿ ಗಾಯ ಮಾಯಿತು. ಪರಿಹಾರದ ಅರ್ಜಿ ಬೀದರಿನ ಕಾರ್ಮಿಕ ಅಧಿಕಾರಿಗಳ ಮುಂದಿತ್ತು. ವಿಚಾರಣೆಯ ಪ್ರತಿ ತಾರೀಖಿಗೆ ಎಕಂಬಾದಿಂದ ಬಂದುಹೋಗುವುದು ಆಗದ ಮಾತು. ಸಿಸ್ಟರ್ ಕೌಸಲ್ಯಾಬಾಯಿ ತಮ್ಮ ಕ್ವಾರ್ಟರ್ಸಿನ ಹಿಂದಿನ ಕೋಣೆಯನ್ನು ಬಿಟ್ಟುಕೊಟ್ಟರು. ಬಸ್ ನಿಲ್ದಾಣದ ಬಳಿ ಖಾಸಿಂ ಅಲಿಯವರ ಹೋಟೆಲಿನಲ್ಲಿ ಪಂಢರಿಗೆ ನೀರು ಹೊರುವ ಕೆಲಸ ಕೊಡಿಸಿದರು. ಶೇವಂತಾಬಾಯಿಗೆ ಮಾತ್ರ ಕನಿಕರ ತೋರಿಸಲಿಲ್ಲ; ಉಳಿದ ಬೆರಳುಗಳಿಗೆ ಬಲ ಬರಲೆಂದು ಜೋಳದ ಹಿಟ್ಟು ನಾದಲು ಕೂಡಿಸಿದರು.

“ಇದೇನವಾ, ರೊಟ್ಟಿನೋ ಔರಾದ ತಾಲೂಕಿನ ನಕಾಶಾನೋ?”

“ನಕಾಶಾನೇರಿ ಅಕ್ಕಾ. ಚಿಂತಾಕಿ ಕಡಿಂದ ಮುರೀರಿ, ಅಲ್ಲಿ ಸ್ವಲ್ಪ ಬೆಂದದ.”

ಮೊದಲ ವಿಚಾರಣೆಗೆ ಹೊರಡುವಾಗ ಸಿಸ್ಟರ್, “ದೊಡ್ಡೋರ ಮುಂದ ಮರ್ಯಾದಿಲೆ ನಿಂದರಬೇಕು ನೋಡು” ಎಂದು ಬುದ್ಧಿ ಹೇಳಿದ್ದರು. ಅದೇ ಎಡವಟ್ಟಾಯಿತು. ಅಧಿಕಾರಿಗಳು “ಕೈ ತೋರಿಸಮ್ಮಾ” ಎಂದಾಗ ಅವಳು ಎಡಗೈಯನ್ನು ಸೆರಗಿನೊಳಗೆ ಇನ್ನಷ್ಟು ಅಡಗಿಸಿ, ಬಲಗೈಯನ್ನು ವಿನಯದಿಂದ ಮುಂದೆ ಚಾಚಿದಳು. ದೊಡ್ಡವರಿಗೆ ಎಡಗೈ ತೋರಿಸುವುದುಂಟೇ!

“ಕೈ ನೆಟ್ಟಗೇ ಅದ ಅಲ್ರೀ ಸಾಹೇಬ್ರ” ಎಂದರು ಹಾವಗೆಪ್ಪನ ವಕೀಲರು.

“ಅಯ್ಯ ಹುಚ್ಚಿ, ಅದಲ್ಲ, ಇನ್ನೊಂದು!” ಎಂದು ಹಿಂದಿನ ಬೆಂಚಿನಿಂದ ಕೂಗಿದ ಸಿಸ್ಟರ್, ಮರ್ಯಾದೆಯ ಪಾಠ ಹೇಳಿದವರೇ, ಅಧಿಕಾರಿಗಳಿಂದ ಗದರಿಕೆ ತಿಂದರು.

ಕೈಯನ್ನೇನೋ ಅಧಿಕಾರಿಗಳು ಕಂಡರು. ಆದರೆ ವಕೀಲರು, ಕೂಲಿಯವನು ಪಂಢರಿಯೊಬ್ಬನೇ, ಈಕೆ ಅವನಿಗೆ ಅಡುಗೆ ಮಾಡಿ ಹಾಕಲು ಬಂದವಳು, ಪರಿಹಾರದ ಹಕ್ಕೇ ಇಲ್ಲ ಎಂದು ವಾದಿಸಿದರು. ತಾರೀಖು ಮುಂದಕ್ಕೆ ಹೋಯಿತು. ಅಷ್ಟು ದಿನ ಹೊರೆ ಹೊತ್ತವಳು ತಾನು ದುಡಿದದ್ದೇ ಸುಳ್ಳಾಯಿತಲ್ಲ ಎಂದು ಬಸ್ಸಿನಲ್ಲಿ ಅತ್ತಳಂತೆ.

ಸಮಯ ನೋಡಿ ಹಾವಗೆಪ್ಪ ಭಾಲ್ಕಿಗೆ ಬಂದ. ಕೈಯಲ್ಲಿ ಸ್ವಲ್ಪ ಹಣ, ಜೊತೆಗೆ ಇನ್ನೇನೂ ಬಾಕಿಯಿಲ್ಲವೆಂದು ಬರೆಸಿ ತಂದ ಕಾಗದ. ಪಂಢರಿಯ ಮನಸ್ಸು ಹೊಯ್ದಾಡಿತು. “ತಗೋಳಾಮೇನ್ರಿ ಅಕ್ಕಾ? ಎಷ್ಟ್ ದಿನಾ ಅಂತ ನಿಮ್ಮ ಮ್ಯಾಲ ಭಾರ ಹಾಕೂದು?”

“ನನ್ನ ಯಾಕ ಕೇಳ್ತಿ? ಕೈ ಅಕೀದು, ಅಕೀನ್ನ ಕೇಳು” ಎಂದು ಸಿಸ್ಟರ್ ಒಳಗೆ ಹೋದರು.

ಹಾವಗೆಪ್ಪ ಕಾಗದ ಮುಂದಿಟ್ಟ. “ಇಲ್ಲಿ ಎಡಗೈ ಹೆಬ್ಬಟ್ಟು ಒತ್ತು ತಂಗಿ.”

ಶೇವಂತಾಬಾಯಿ ಸೆರಗು ಸರಿಸಿ ಕೈ ತೋರಿಸಿದಳು. “ಅದು ನಿನ್ನ ಟ್ರಾಲಿ ಸರಪಳಿಯಾಗ ಉಳದದ ಅಣ್ಣಾ. ಅಲ್ಲೇ ಹೋಗಿ ಒತ್ತಿಸ್ಕೊಂಡ್ ಬಾ.”

ಒಳಗಿನಿಂದ ಸಿಸ್ಟರ್ ನಕ್ಕದ್ದು ಔಷಧ ಕೋಣೆಯವರೆಗೂ ಕೇಳಿಸಿತ್ತು.

ಮುಂದಿನ ವಿಚಾರಣೆಯ ದಿನ ಬೀದರಿನಲ್ಲಿ ಚಹಾ ಕುಡಿಯುತ್ತ ಸಿಸ್ಟರ್ ಶೇವಂತಾಬಾಯಿಯ ಪರ ವಕೀಲರಿಗೆ ತಮ್ಮದೊಂದು ಸಂಶಯ ಹೇಳಿದರು. ವಕೀಲರು ಅದನ್ನೇ ಅಧಿಕಾರಿಗಳ ಮುಂದೆ ಹಾವಗೆಪ್ಪನಿಗೆ ಕೇಳಿದರು: ಕೂಲಿಯವನು ಪಂಢರಿಯೊಬ್ಬನೇ ಆದರೆ, ಹೆಂಡತಿಯ ಕೈ ಹೋದೊಡನೆ ಅವನನ್ನೂ ಯಾಕೆ ಊರಿಗೆ ಕಳಿಸಿದೆ?

ತನ್ನ ಕಸುಬು ತನಗೇ ಗೊತ್ತಿಲ್ಲವೆಂದರು ಎಂಬಂತೆ ಹಾವಗೆಪ್ಪ ಸಿಡಿದ. “ಏನ್ ಕೇಳ್ತೀರಿ ವಕೀಲ್ರ! ಒಂಟಿ ಗಂಡಸನ್ನ ಇಟ್ಕೊಂಡು ಏನ್ ಮಾಡ್ಲ್ರಿ? ಹೊರಿ ಯಾರು ಕಟ್ಟಬೇಕು, ಯಾರು ಹೊರಬೇಕು? ಅಂವ ಅರ್ಧಾ ಕೋಯ್ತಾರಿ!”

ಅವನ ವಕೀಲರು ಅಂಗಿ ಹಿಡಿದು ಜಗ್ಗಿದರು. ಹೊತ್ತು ಮೀರಿತ್ತು.

“ಹಂಗಾರ ಉಳದರ್ಧಾ ಯಾರೋ ಅಣ್ಣಾ?” ಎಂದಳು ಶೇವಂತಾಬಾಯಿ. ಅಧಿಕಾರಿಗಳೂ ನಕ್ಕರು. ಅವಳೂ ಕೂಲಿಯವಳೇ ಎಂದು ಆದೇಶವಾಯಿತು. ಪರಿಹಾರ ತಡವಾಗಿ ಬಂತು, ಆದರೆ ಅವಳ ಹೆಸರಿಗೇ ಬಂತು.

ಮುಂದೆ ಬೀದರಿನ ಆಸ್ಪತ್ರೆಗೆ ವರ್ಗವಾದ ಕೌಸಲ್ಯಾಬಾಯಿಯವರು ಅಲ್ಲಿಯೂ ದೂರದ ಕೆಲಸಕ್ಕೆ ಹೋಗಿ ಗಾಯಗೊಂಡು ಬಂದವರನ್ನು, “ಎದ್ದು ಕೂಡ್ರಿ, ಯಾರ ಕೈಯಾಗ ಕೆಲಸಕ್ಕಿದ್ರಿ ಮೊದ್ಲ ಹೇಳ್ರಿ” ಎಂದೇ ಮಾತನಾಡಿಸುತ್ತಿದ್ದರು. ಅವರ ಆಯುಷ್ಯ, ಆರೋಗ್ಯಗಳು ಗಟ್ಟಿಯಾಗಿರಲಿ. ಮನೆಯಲ್ಲಿ ಕುಳಿತ ಮೇಲೂ ಆ ಗದರಿಕೆ ನಮ್ಮಂಥವರಿಗೆ ಸಿಗುತ್ತಲೇ ಇರಲಿ.

ಒಂದು ಮಾತು ಉಳಿಯಿತು. ಕಾಯುವ ಆ ತಿಂಗಳುಗಳಲ್ಲೆಲ್ಲ ಸಿಸ್ಟರ್ ಶೇವಂತಾಬಾಯಿಗೆ, ಗೆದ್ದೇ ಗೆಲ್ಲುತ್ತೀ ಎಂದು ಹೇಳುತ್ತಿದ್ದರು. ಅವರಿಗೆ ನಿಜಕ್ಕೂ ಆ ಭರವಸೆ ಇತ್ತೋ, ಅವಳ ಧೈರ್ಯ ಕುಂದದಿರಲೆಂದು ಹಾಗೆ ಹೇಳುತ್ತಿದ್ದರೋ, ಈ ಲೇಖನಕ್ಕಾಗಿ ಕೇಳಿದೆ. ಅವರು ನಕ್ಕು ಬೇರೆ ಮಾತು ತೆಗೆದರು. ನನಗೆ ಗೊತ್ತಿಲ್ಲ.