ಹೊಳೆಗೆ ಬಿದ್ದ ಬೀಗದ ಕೈ

ಹೊಳೆನರಸೀಪುರದ ಸೇತುವೆಯ ನಡುವೆ ನಿಂತು, ಆಗಷ್ಟೇ ಕೊಂಡ ಬೀಗದ ಜೊತೆ ಬಂದ ಎರಡು ಬೀಗದ ಕೈಗಳಲ್ಲಿ ಒಂದನ್ನು ಕರಿಯಪ್ಪಣ್ಣ ಹೇಮಾವತಿ ಹೊಳೆಗೆ ಎಸೆದುಬಿಟ್ಟರು. ನಾವಿಬ್ಬರೂ ಚನ್ನರಾಯಪಟ್ಟಣದ ಬಳಿಯ ತೆಂಗಿನ ನಾರಿನ ಮಿಲ್ಲೊಂದರ ಫಿಟ್ಟರುಗಳು. ಅಂಗಡಿಯಲ್ಲಿ ಹತ್ತು ಬೀಗ ತಿರುವಿ ಹಾಕಿ, ಮಿಷಿನ್ನಿನ ಮೇನ್ ಸ್ವಿಚ್ಚಿನ ಹಿಡಿಕೆಯ ತೂತಿಗೆ ಹೊಂದುವುದನ್ನು ಅವರೇ ಆರಿಸಿದ್ದರು.

“ಇನ್ನೊಂದಿದ್ರೆ ಇನ್ನೊಬ್ಬ ತೆಗೀತಾನೆ ಕಣ್ಲಾ. ಮಿಷಿನ್ ಒಳಿಕ್ಕೆ ಇಳ್ದೋನೇ ಆಚೆ ಬಂದು ಬೀಗ ತೆಗೀಬೇಕು,” ಎನ್ನುತ್ತ ಉಳಿದದ್ದನ್ನು ನನ್ನ ಜೇಬಿಗೆ ಹಾಕಿದರು.

ಲೋಡ್ ಶೆಡ್ಡಿಂಗಿನ ಕಾಲ ಅದು. ಕರೆಂಟು ಹೋಯಿತೆಂದರೆ ಸ್ವಿಚ್ಚನ್ನೂ ಆರಿಸದೆ ಮಿಷಿನ್ನಿಗೆ ಇಳಿಯುವುದು ನಮ್ಮಲ್ಲಿ ವಾಡಿಕೆ. ಮರುವಾರ ಕರೆಂಟು ಹೋದಾಗ ನಾನು ಮಾತ್ರ ಸ್ವಿಚ್ ಆರಿಸಿ, ಬೀಗ ಹಾಕಿ, ಮಟ್ಟೆ ಬಡಿಯುವ ಡ್ರಮ್ಮಿನೊಳಗೆ ಇಳಿದೆ. ಬಿಸಿಲುಕೋಲಿನಲ್ಲಿ ನಾರಿನ ಧೂಳು ಹೊನ್ನಿನಂತೆ ತೇಲುತ್ತಿತ್ತು. ಒದ್ದೆ ಮಟ್ಟೆಯ ವಾಸನೆಗೆ ಮಂಪರು ಬಂದಂತಾಗಿ, ಎಲ್ಲಿದ್ದೇನೆಂಬುದೇ ಮರೆತುಹೋಗಿತ್ತು. ಅಷ್ಟರಲ್ಲಿ ಹೊರಗೆ ಬಲ್ಬು ಹತ್ತಿತು. ಯಾರೋ ಬಂದು ಸ್ವಿಚ್ಚಿನ ಬೀಗವನ್ನು ಜಗ್ಗಿದರು.

“ಇದ್ರ ಇನ್ನೊಂದ್ ಬೀಗದ್ ಕೈ ಎಲ್ಲಿಟ್ಟವ್ರೆ?” ಎಂದು ಮಿಲ್ಲಿನ ಲೆಕ್ಕ ಬರೆಯುವ ರೈಟರು ಡ್ರಾಯರು ತಡಕುವ ಸದ್ದು ಕೇಳಿಸಿತು. ಜೇಬು ಮುಟ್ಟಿಕೊಂಡೆ.

ಈಗಲೂ ಬಸ್ಸು ಆ ಸೇತುವೆ ದಾಟುವಾಗ ಕಿಟಕಿಯಿಂದ ನೀರು ನೋಡುತ್ತೇನೆ. ಅಲ್ಲೆಲ್ಲೋ ಮರಳಿನಲ್ಲಿ ಅದು ಮಲಗಿದೆ. ಯಾರಿಗೂ ಸಿಗದಿರಲಿ.